ಬೇಳೆ ಬೇಯುವ ನೀರಿಗೆ ಕೆಂಪು ಚುಕ್ಕೆ

ಬೈರಕೂರು ಕಡೆಯ ನಮ್ಮೂರಲ್ಲಿ ನೀರಿಗೆ ಇದ್ದದ್ದು ಒಂದೇ ಪರೀಕ್ಷೆ. ತೊಗರಿಬೇಳೆ ಬೇಗ ಬೆಂದರೆ ಒಳ್ಳೇ ನೀರು, ಇಲ್ಲದಿದ್ದರೆ ಕೆಟ್ಟ ನೀರು. ಆ ಲೆಕ್ಕದಲ್ಲಿ ವೆಂಕಟರತ್ನಮ್ಮನ ಬೋರ್‌ವೆಲ್ಲೇ ಊರಿಗೆ ಮೊದಲು. ಅಕ್ಕಪಕ್ಕದವರೆಲ್ಲ ಅಲ್ಲಿಂದಲೇ ಬಿಂದಿಗೆ ತುಂಬಿಸಿಕೊಂಡು ಹೋಗುತ್ತಿದ್ದರು. ಆಕೆಯೂ ಬೀಗುತ್ತಿದ್ದಳೆನ್ನಿ.

ಶಾಲೆಗೆ ಕಂಪ್ಯೂಟರ್ ಬಂದ ಹೊಸತು. ಒಂದು ದಿನ ಆಕೆ ಉರಿದುಕೊಂಡು ಹೈಸ್ಕೂಲಿಗೆ ಬಂದಳು. ಒಂಬತ್ತನೇ ಕ್ಲಾಸಿನ ಮಗಳು ಸುನಂದ ಬಾಟಲಿ ಹಿಡಿದು ಮನೆಮನೆ ತಿರುಗಿದ್ದು ಕಿವಿಗೆ ಬಿದ್ದಿತ್ತು.

"ಮೇಡಂ, ಬೆಳೆದ ಹುಡುಗಿ ಊರೆಲ್ಲಾ ನೀರು ಬೇಡ್ಕೊಂಡು ತಿರುಗೋದಾ? ನಾಳೆಯಿಂದ ಅವಳಿಗೆ ಕಂಪ್ಯೂಟರ್ ಕ್ಲಾಸ್ ಬೇಡ. ಮನೇಲಿ ರೇಷ್ಮೆ ಹುಳಕ್ಕೆ ಸೊಪ್ಪು ಹಾಕ್ಲಿ."

ಮುಳಬಾಗಿಲಿನಿಂದ ಬರುವ ಚಿತ್ರಾ ಮೇಡಂ ಬೇಜಾರು ಮಾಡಿಕೊಳ್ಳಲಿಲ್ಲ. "ಆಯ್ತಮ್ಮ. ಮಗಳು ಏನು ಮಾಡಿದಾಳೆ ನೋಡ್ಬಿಟ್ಟು ಹೋಗಿ," ಎಂದು ಕಂಪ್ಯೂಟರ್ ಮುಂದೆ ಸುನಂದಳ ಪಕ್ಕ ಕೂರಿಸಿದರು.

ಅದರಲ್ಲಿ ಆಕಾಶದಿಂದ ತೆಗೆದ ಊರಿನ ಚಿತ್ರವಿತ್ತು. "ಇದು ನಮ್ಮ ಹಿಪ್ಪುನೇರಳೆ ತೋಟ ಅಲ್ವಾ? ಹುಲ್ಲಿನ ಬಣವೆನೂ ಕಾಣ್ತದೆ," ಎಂದಳು ವೆಂಕಟರತ್ನಮ್ಮ. ಕೋಪ ಅರ್ಧ ಇಳಿಯಿತು. "ಮತ್ತೆ ಆ ಕೆಂಪು ಚುಕ್ಕೆ ಏನು?"

"ನಮ್ಮ ಬೋರ್ ಕಣಮ್ಮ," ಎಂದಳು ಸುನಂದ. "ಬಾಟಲೀಲಿ ತಂದ ನೀರೆಲ್ಲಾ ಲ್ಯಾಬಿಗೆ ಕಳಿಸಿದ್ವಿ. ಫ್ಲೋರೈಡ್ ಜಾಸ್ತಿ ಇದ್ರೆ ಕೆಂಪು, ಕುಡಿಯೋಕಾದ್ರೆ ಹಸಿರು. ರಿಪೋರ್ಟಲ್ಲಿ ಬರೀ ನಂಬರಿತ್ತು. ನಕ್ಷೆ ಮೇಲೆ ಇಟ್ಟಾಗ್ಲೇ ಗೊತ್ತಾಗಿದ್ದು, ನಮ್ಮ ಬೀದಿಯ ಆಳದ ಬೋರೆಲ್ಲಾ ಕೆಂಪು."

"ಸುಳ್ಳು. ನಮ್ಮ ನೀರಲ್ಲಿ ಬೇಳೆ ಬೆಣ್ಣೆ ಹಂಗೆ ಬೇಯ್ತದೆ."

"ಗಡಸಿಲ್ಲದ ನೀರಲ್ಲಿ ಬೇಳೆ ಬೇಗ ಬೇಯ್ತದಮ್ಮ, ನಿಜ," ಎಂದರು ಮೇಡಂ. "ಆದ್ರೆ ಫ್ಲೋರೈಡ್ ನಾಲಿಗೆಗೆ ಗೊತ್ತಾಗಲ್ಲ, ಕುದಿಸಿದ್ರೂ ಹೋಗಲ್ಲ. ದೊಡ್ಡವರ ಕೀಲು ಹಿಡಿಸ್ತದೆ. ಮಕ್ಕಳಿಗೆ ಇನ್ನೂ ಹುಟ್ಟದ ಹಲ್ಲನ್ನೂ ಕೆಡಿಸ್ತದೆ."

ವೆಂಕಟರತ್ನಮ್ಮ ಮಗಳ ಹಲ್ಲು ನೋಡಿದಳು. ಅದರ ಮೇಲಿನ ಕಂದು ಗೆರೆಗಳು ಹುಟ್ಟಿನಿಂದ ಬಂದವು ಎಂದೇ ತಿಳಿದಿದ್ದಳು. ಮನೆಯಲ್ಲಿ ಮೂರು ವರ್ಷದ ಇನ್ನೊಬ್ಬಳಿದ್ದಾಳೆ.

"ಹಂಗಾದ್ರೆ ಚಿಕ್ಕವಳಿಗೆ ಏನು ಕುಡಿಸ್ಲಿ ಮೇಡಂ?"

"ಸ್ಕೂಲ್ ಹಿಂದಿನ ಕೈಪಂಪು ಹಸಿರು ಇದೆ."

"ಅಷ್ಟು ದೂರದಿಂದ ಯಾರು ಹೊರ್ತಾರೆ?"

ಸುನಂದ ಮೌಸ್ ಎಳೆದು ದಾರಿ ಅಳೆದು ತೋರಿಸಿದಳು. "ರಸ್ತೇಲಿ ಸುತ್ತಿ ಬಂದ್ರೆ ದೂರ. ಮಾವಿನ ತೋಪಿನೊಳಗೆ ಬಂದ್ರೆ ಅರ್ಧ ದಾರಿನೂ ಇಲ್ಲಮ್ಮ."

ಮಾರನೆಯ ಬೆಳಿಗ್ಗೆ ಪಕ್ಕದ ಮನೆಯ ಮುನಿಯಲ್ಲಮ್ಮ ಎಂದಿನಂತೆ ಬೋರ್ ಹತ್ತಿರ ಬಿಂದಿಗೆ ತಂದಿಟ್ಟಳು. ವೆಂಕಟರತ್ನಮ್ಮ ಅದನ್ನೆತ್ತಿ ಆಕೆಯ ಕೈಗೇ ಕೊಟ್ಟಳು.

"ಏಮಕ್ಕಾ, ನನ್ನ ಮೇಲೆ ಕೋಪನಾ?"

"ಕೋಪ ಅಲ್ಲ ಕಣೇ. ಈ ನೀರು ಬಟ್ಟೆ ಪಾತ್ರೆಗಷ್ಟೇ. ಕುಡಿಯೋಕೆ, ಅಡಿಗೆಗೆ ಬೇರೆ ಕಡೆ ಹೋಗೋಣ ಬಾ. ನಮ್ಮ ಸುನಂದ ದಾರಿ ಹುಡುಕಿದಾಳೆ."

ತಾಯಂದಿರೇ, ತಂದೆಯರೇ, ಮಕ್ಕಳು ಶಾಲೆಯ ಕಂಪ್ಯೂಟರಿನಲ್ಲಿ ನಕ್ಷೆ ಮಾಡುತ್ತಿದ್ದರೆ ಆಟ ಎಂದು ತಳ್ಳಿಹಾಕಬೇಡಿ. ಒಂದು ದಿನ ಬಿಡುವು ಮಾಡಿಕೊಂಡು ಹೋಗಿ, ಪಕ್ಕದಲ್ಲಿ ಕೂತು ನೋಡಿ. ನಿಮ್ಮ ಮನೆಯವರು ಕುಡಿಯುತ್ತಿರುವುದು ಯಾವ ಬಣ್ಣದ ನೀರು ಎಂದು ನಿಮ್ಮ ಮಗುವನ್ನೇ ಕೇಳಿ.