ಗದ್ದೇಲಿ ನಿಂತವರ್ಯಾರೇ

ನನ್ನ ಬಾಯಿ ಸುಮ್ಮನಿರುವುದಿಲ್ಲ ಎಂದು ನಮ್ಮ ಹೆಡ್ ಮಾಸ್ತರು ವರ್ಷಕ್ಕೆ ನಾಲ್ಕು ಸಲವಾದರೂ ಹೇಳುತ್ತಾರೆ. ಹೇಳಲಿ. ಆದರೆ ಬಾಯಿ ತೆರೆಯಲೇಬೇಕಿದ್ದ ಒಂದು ಹೊತ್ತಿನಲ್ಲಿ ನಾನು ತುಟಿ ಹೊಲಿದುಕೊಂಡು ಕೂತಿದ್ದೆ, ಅದೂ ಕೈಯಲ್ಲಿ ಕೆಂಪು ಪೆನ್ನು ಹಿಡಿದುಕೊಂಡು. ಅದನ್ನು ಮುಚ್ಚಿಟ್ಟು ಈ ಕಥೆ ಹೇಳಲು ನನಗೆ ಬರುವುದಿಲ್ಲ.

ನಾನು ಮಮತಾ. ಸಿದ್ದಾಪುರದಿಂದ ಹನ್ನೆರಡು ಕಿಲೋಮೀಟರ್ ಒಳಗಿರುವ ಕುಳಿಬೈಲು ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಅತಿಥಿ ಎಂದ ಕೂಡಲೇ ಮಣೆ ಹಾಕಿ ಪಾಯಸ ಬಡಿಸುತ್ತಾರೆ ಎಂದುಕೊಳ್ಳಬೇಡಿ. ಪ್ರತಿ ಜೂನ್‌ನಲ್ಲಿ ಹೆಡ್ ಮಾಸ್ತರು ಮನಸ್ಸು ಮಾಡಿ ಕಾಗದ ಬರೆದರೆ ಕೆಲಸ, ಬರೆಯದಿದ್ದರೆ ಮನೆ. ಏಳು ವರ್ಷದಿಂದ ಹೀಗೇ ನಡೆದುಕೊಂಡು ಬಂದಿದೆ.

ನಮ್ಮ ಶಾಲೆಯ ಧ್ವಜಕಟ್ಟೆಯ ಪಕ್ಕ ಒಂದು ಕಲ್ಲಿದೆ. ಬ್ರಿಟಿಷರ ಕಾಲದಲ್ಲಿ ಭೂಮಿಯ ಕರ ಕೊಡುವುದಿಲ್ಲ ಎಂದು ಹಟ ಹಿಡಿದು ಜೈಲು ಕಂಡ ನಮ್ಮೂರ ಹನ್ನೊಂದು ಜನರ ಹೆಸರು ಅದರ ಮೇಲಿದೆ. ಹನ್ನೊಂದೂ ಗಂಡಸರು, ಹನ್ನೊಂದೂ ಜಮೀನಿದ್ದವರು. ಆಗಸ್ಟ್ ಬಂತೆಂದರೆ ಆ ಕಲ್ಲಿನ ಪಾಚಿಯನ್ನು ತೆಂಗಿನ ನಾರು ಹಾಕಿ ತಿಕ್ಕಿ ತೊಳೆಯುವವಳು ನಾಗಿ, ನಮ್ಮ ಬಿಸಿಯೂಟದ ಅಡುಗೆಯವಳು. ಅರವತ್ತು ದಾಟಿದ ಹೆಂಗಸು, ನಾನು ನಾಗಕ್ಕ ಎನ್ನುತ್ತೇನೆ. ಓದಲು ಬಾರದಿದ್ದರೂ ಕಲ್ಲಿನ ಮೇಲೆ ಯಾವ ಹೆಸರು ಎಲ್ಲಿದೆ ಎಂದು ಬೆರಳಿಟ್ಟು ತೋರಿಸುತ್ತಾಳೆ. ಹನ್ನೊಂದನೆಯ ಹೆಸರಿನ ಕೆಳಗೆ ಒಂದು ಗೇಣು ಖಾಲಿ ಜಾಗವಿದೆ, ಅದನ್ನೂ ಅಷ್ಟೇ ಚೊಕ್ಕವಾಗಿ ತಿಕ್ಕುತ್ತಾಳೆ.

ಆ ಖಾಲಿ ಜಾಗ ಅವಳ ಅಜ್ಜಿ ಸುಬ್ಬಿಯದು. ಕಥೆ ಊರಿಗೆಲ್ಲ ಗೊತ್ತು. ಕರ ಕೊಡದ ಒಡೆಯರ ಗದ್ದೆಯನ್ನು ಸರ್ಕಾರ ಜಪ್ತಿ ಮಾಡಿ, ನಿಂತ ಪೈರನ್ನು ಹೊರಗಿನ ಒಬ್ಬನಿಗೆ ಹರಾಜು ಹಾಕಿತು. ಅವನು ಪೊಲೀಸರನ್ನು ಕಟ್ಟಿಕೊಂಡು ಬಂದು ನಮ್ಮ ಕೂಲಿ ಹೆಂಗಸರನ್ನು ಕೊಯ್ಲಿಗೆ ಇಳಿಸಿದ. ನಮ್ಮಲ್ಲಿ ಒಂದು ಪದ್ಧತಿ ಇದೆ. ಕತ್ತಿ ಪೈರಿಗೆ ತಾಗುವ ಮೊದಲು ಸಾಲಿನ ಮೊದಲನೆಯವಳು ಹಾಡು ಎತ್ತಬೇಕು, ಉಳಿದವರು ಅವಳ ಸೊಲ್ಲನ್ನು ತಿರುಗಿ ಹೇಳಬೇಕು. ಅವಳು ಮುಂದಿನ ಸೊಲ್ಲು ಎತ್ತುವ ತನಕ ಹಿಂದಿನದನ್ನು ಬಿಡುವಂತಿಲ್ಲ, ಅವಳು ಹಾಡು ಮುಗಿಸುವ ತನಕ ಯಾರೂ ಬಗ್ಗುವಂತಿಲ್ಲ. ಅವತ್ತು ಮೊದಲನೆಯವಳು ಸುಬ್ಬಿ. ಬೆಳಿಗ್ಗೆ ಹಾಡು ಎತ್ತಿದಳು, ಮುಗಿಸಲೇ ಇಲ್ಲ. ಪೊಲೀಸರು ಬೈದರು, ಲಾಠಿ ತೋರಿಸಿದರು. ಹೆಂಗಸರು ಹೊತ್ತು ಮುಳುಗುವ ತನಕ ನಿಂತು ಹಾಡಿದರು, ಒಂದು ತೆನೆಯೂ ನೆಲಕ್ಕೆ ಬೀಳಲಿಲ್ಲ. ಸುಬ್ಬಿಯನ್ನು ಎಳೆದುಕೊಂಡು ಹೋಗಿ ಒಂದು ವಾರ ಕೂಡಿ ಹಾಕಿದರಂತೆ. ಅದನ್ನು ಯಾರೂ ಬರೆದಿಡಲಿಲ್ಲ, ಬರೆಯುವವರೆಲ್ಲ ಒಡೆಯರ ಕಡೆಯವರೇ ಆಗಿದ್ದರು.

ಈ ವರ್ಷ ಸಿರ್ಸಿಯ ಒಂದು ಉತ್ಸವ ಸಮಿತಿ ಸಿರ್ಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿಗೆ ದೇಶಭಕ್ತಿ ಗೀತೆಯ ಸ್ಪರ್ಧೆ ಇಟ್ಟಿತು. ಹದಿನೈದು ಮಕ್ಕಳು, ಐದು ಜನ ಊರವರು, ಐದು ನಿಮಿಷ, ಹಾಡು ಸ್ವಂತದ್ದಾಗಿರಬೇಕು. ನಾನು ಒಂದು ಭಾನುವಾರ ಕೂತು ಹಿಮಾಲಯ, ಗಂಗೆ, ಸಿಂಹ ಎಲ್ಲ ಸೇರಿಸಿ ಏನೋ ಬರೆದೆ. ಮಕ್ಕಳು ಹಾಡಿದರೆ ಮಗ್ಗಿ ಒಪ್ಪಿಸಿದ ಹಾಗೆ ಕೇಳುತ್ತಿತ್ತು. ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದ ನಾಗಕ್ಕ ಅದನ್ನು ಮೂರು ದಿನ ಸಹಿಸಿಕೊಂಡಳು. ನಾಲ್ಕನೆಯ ದಿನ ಸೌಟು ಹಿಡಿದುಕೊಂಡೇ ಹೊರಗೆ ಬಂದು, ಸಸಿ ನೆಡುವಾಗಿನ ನೆಟ್ಟಿ ಹಾಡಿನ ಮಟ್ಟಿನಲ್ಲಿ ತಾನೇ ಒಂದು ಎತ್ತಿದಳು.

ಬಗ್ಗಿ ನೆಟ್ಟ ನೆಲವು ನಮದೇ, ತಂಗೀ,
ಬಾವುಟ ಏರಿದ ಬಾನು ನಮದೇ.

ಮಕ್ಕಳು ತಟ್ಟೆ ಬಿಟ್ಟು ಎದ್ದು ಬಂದರು. ಎರಡು ವಾರದಲ್ಲಿ ಹಾಡು ಬೆಳೆಯಿತು. ನಡುವೆ ಬರುವ ಸೊಲ್ಲು ಹೀಗಿತ್ತು:

ಕತ್ತಿ ಕೆಳಗಿಟ್ಟು, ಬೆನ್ನು ನೆಟ್ಟಗಿಟ್ಟು,
ಗದ್ದೇಲಿ ನಿಂತವರ್ಯಾರೇ?

ಮಕ್ಕಳು ಅದನ್ನು ತಿರುಗಿ ಕೇಳಬೇಕು, ನಾಗಕ್ಕ ಉತ್ತರ ಕೊಡಬೇಕು:

ಸುಬ್ಬಿ ನಿಂತಾಳೇ, ಕೂಲಿ ಸುಬ್ಬಿ ನಿಂತಾಳೇ,
ಹೊತ್ತು ಮುಳುಗೋ ತನಕಾ.

ಏಳನೆಯ ತರಗತಿಯ ಕಾವ್ಯಶ್ರೀ ಒಂದು ದಿನ, ನೀವು ನಡುವೆ ಮರೆತುಹೋದರೆ ನಾವೇನು ಮಾಡುವುದು ಎಂದು ಕೇಳಿದಳು. ನಾಗಕ್ಕ ನಗಲಿಲ್ಲ.

"ನಾ ಎತ್ತೂ ತನಕ ನೀವು ಹಿಂದಿನ ಸೊಲ್ಲು ಬಿಡಬಾರ್ದು. ಗಂಟ್ಲು ಹರದ್ರೂ ಬಿಡಬಾರ್ದು."

ಅವತ್ತು ಸಂಜೆ ಪಾತ್ರೆ ತೊಳೆಯುತ್ತ ಅವಳು ನನ್ನ ಹತ್ತಿರ ಒಂದು ಮಾತು ಹೇಳಿದಳು. ಕಲ್ಲಿನ ಮೇಲೆ ಹೆಸರು ಹಾಕಿ ಎಂದು ಅವಳ ಅವ್ವ ಕೇಳಿದ್ದಳು, ತಾನೂ ಎರಡು ಸಲ ಕೇಳಿದ್ದಾಳೆ, ದಾಖಲೆ ತಾ ಎಂದರಂತೆ. ಕಲ್ಲು ಹೋಗಲಿ, ನಾಲ್ಕು ಜನ ಸೇರಿದಲ್ಲಿ ಒಂದು ಸಲ ಅಜ್ಜಿಯ ಹೆಸರು ಕೇಳಿಸಿದರೆ ಸಾಕು, ಆಮೇಲೆ ಕಣ್ಣು ಮುಚ್ಚಿದರೂ ಆಯಿತು ಎಂದಳು. ಅದೇನು ಮಹಾ, ನಾನಿದ್ದೇನೆ ಎಂದು ನಾನು ಎದೆ ತಟ್ಟಿಕೊಂಡೆ.

ಹಾಡಿನ ಪ್ರತಿ ಮೊದಲೇ ಒಪ್ಪಿಸಬೇಕಿತ್ತು. ಜುಲೈ ಇಪ್ಪತ್ತಾರಕ್ಕೆ ಬಸ್ಸು ಹತ್ತಿ ಸಿರ್ಸಿಗೆ ಹೋದೆ. ಸಮಿತಿಯ ಕಾರ್ಯದರ್ಶಿ ಅಂದಾನಪ್ಪನವರು ಬನವಾಸಿ ಕಡೆಯ ನಿವೃತ್ತ ಸಂಗೀತ ಮೇಷ್ಟ್ರು. ಕೆಟ್ಟವರಲ್ಲ, ಚಹಾ ತರಿಸಿದರು, ಹಾಡು ಎರಡು ಸಲ ಓದಿ ತಲೆದೂಗಿದರು. ಆಮೇಲೆ ಬೆರಳು ಒಂದು ಕಡೆ ನಿಂತಿತು.

"ಹಾಡು ಛಲೋ ಐತ್ರಿ ಮೇಡಂ. ಆದ್ರ ಈ ಸುಬ್ಬಿ ಅನ್ನಾಕಿ ಯಾರ್ರೀ? ಸರ್ಕಾರದ ಪಟ್ಟಿಯೊಳಗಿಲ್ಲ, ನಿಮ್ಮೂರ ಕಲ್ಲಿನ ಮ್ಯಾಲೂ ಇಲ್ಲ. ನಾಳೆ ಯಾರರ ಕೇಳಿದ್ರ ನಾ ಏನ್ ಹೇಳ್ಲಿ? ವೀರರು ಅಂತ ಹಾಕ್ರಿ, ಎಲ್ಲಾರೂ ಬಂದಂಗಾತು."

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವರು, ನಿಮ್ಮ ಹೆಡ್ ಮಾಸ್ತರು ನನ್ನ ಹಳೆಯ ಗೆಳೆಯರು, ನಿಮ್ಮ ಬಗ್ಗೆ ಒಳ್ಳೆಯ ಮಾತು ಹೇಳುತ್ತೇನೆ ಎಂದು ಕೆಂಪು ಪೆನ್ನು ಮುಂದೆ ಸರಿಸಿದರು. ಮುಂದಿನ ಜೂನ್ ನನ್ನ ಕಣ್ಣ ಮುಂದೆ ಬಂತು. ಸುಬ್ಬಿಯನ್ನು ಹೊಡೆದು ಹಾಕಿ ವೀರರು ಎಂದು ಬರೆದೆ. ಒಂದು ಕ್ಷಣದ ಕೆಲಸ. ನನ್ನಂಥ ಹೇಡಿ ಈ ಮೂರು ತಾಲೂಕಿನಲ್ಲಿ ಇನ್ನೊಬ್ಬಳಿಲ್ಲ ಎಂದು ವಾಪಸ್ ಬಸ್ಸಿನಲ್ಲಿ ನನ್ನನ್ನೇ ಬೈದುಕೊಂಡು ಬಂದೆ.

ನಾಗಕ್ಕನಿಗೆ ಹೇಳಿದಾಗ ಅವಳು ಅಕ್ಕಿ ಆರಿಸುತ್ತಿದ್ದಳು. ಮೊರದಿಂದ ತಲೆ ಎತ್ತಲಿಲ್ಲ. ನೀವು ಕಲಿತವರು, ನಿಮಗೆ ಗೊತ್ತಿರುತ್ತದೆ ಎಂದಳು, ಅಷ್ಟೇ. ಒಂದು ಮಾತು ಬೈದಿದ್ದರೆ ನನಗೆ ಅನ್ನ ಇಳಿಯುತ್ತಿತ್ತು. ಮರುದಿನದ ಅಭ್ಯಾಸದಲ್ಲಿ ನಾನು ವೀರರು ನಿಂತಾರೇ ಎಂದು ಹೇಳಿಕೊಟ್ಟೆ, ಮಕ್ಕಳು ನಾಗಕ್ಕನ ಮುಖ ನೋಡಿದರು. ಅವಳು ಒಲೆಯ ಮೇಲೆ ಬೇಳೆ ಇದೆ ಎಂದು ಎದ್ದು ಹೋದಳು.

ಸ್ಪರ್ಧೆಯ ದಿನ ಸಿರ್ಸಿಯ ಸಭಾಭವನ ತುಂಬಿ ತುಳುಕುತ್ತಿತ್ತು. ಮಳೆ ಎಂದು ಎಲ್ಲರೂ ಒಳಗೆ ಸೇರಿಕೊಂಡಿದ್ದರು, ಹೊರಗಿನ ರಸ್ತೆಗೂ ಧ್ವನಿವರ್ಧಕ ಕಟ್ಟಿದ್ದರು. ಒಂದೊಂದು ತಂಡವೂ ಪೆನ್ ಡ್ರೈವಿನಲ್ಲಿ ಸಂಗೀತ ತಂದು ಹಾಕಿಸಿ, ಸೆಲ್ಯೂಟ್ ಹೊಡೆದು ಇಳಿಯುತ್ತಿತ್ತು. ನಮ್ಮ ಹತ್ತಿರ ಪೆನ್ ಡ್ರೈವ್ ಇರಲಿಲ್ಲ. ಹದಿನೈದು ಮಕ್ಕಳು ಮೂರು ಬಣ್ಣದ ಬಳೆ ತೊಟ್ಟು ಎರಡು ಸಾಲಾಗಿ ನಿಂತರು, ಊರಿನ ನಾಲ್ಕು ಹೆಂಗಸರು ಅವರ ಹಿಂದೆ, ನಾಗಕ್ಕ ಮುಂದೆ. ಕೈ ಆಡಿಸಿ ಹಾಡು ಶುರು ಮಾಡಿಸುವುದು, ಕೈ ಎತ್ತಿ ನಿಲ್ಲಿಸುವುದು ನನ್ನ ಕೆಲಸ.

ಹಾಡು ಚೆನ್ನಾಗಿ ಹೋಯಿತು. ನೆಲ ಬಂತು, ಬಾವುಟ ಬಂತು, ಜನ ತಾಳ ಹಾಕಿದರು. ಗದ್ದೇಲಿ ನಿಂತವರ್ಯಾರೇ ಎಂದು ನಾಗಕ್ಕ ಕೇಳಿದಳು. ಮಕ್ಕಳೂ ಹೆಂಗಸರೂ ತಿರುಗಿ ಕೇಳಿದರು. ಈಗ ವೀರರು ಬರಬೇಕು. ನಾಗಕ್ಕ ಬಾಯಿ ಮುಚ್ಚಿಕೊಂಡು ಎದುರಿನ ಗೋಡೆ ನೋಡುತ್ತ ನಿಂತಳು.

ಮರೆತಳು ಎಂದುಕೊಂಡೆ. ಮಕ್ಕಳು ಕಲಿತ ಪಾಠ ಬಿಡಲಿಲ್ಲ, ಮತ್ತೆ ಅದೇ ಕೇಳಿದರು. ಗದ್ದೇಲಿ ನಿಂತವರ್ಯಾರೇ? ಇನ್ನೊಂದು ಸಲ. ಮತ್ತೊಂದು ಸಲ. ಆರನೆಯ ಸಲಕ್ಕೆ ನಾಗಕ್ಕ ನನ್ನ ಕಡೆ ತಿರುಗಿ ನೋಡಿದಳು. ಆ ಮುಖದಲ್ಲಿ ಮರೆವು ಗಿರೆವು ಏನೂ ಇರಲಿಲ್ಲ.

ಐದು ನಿಮಿಷದ ಗಂಟೆ ಹೊಡೆಯಿತು. ಅಂದಾನಪ್ಪನವರು ಪರದೆಯ ಪಕ್ಕಕ್ಕೆ ಬಂದು ಮುಗಿಸಿ ಎಂದು ಕೈಸನ್ನೆ ಮಾಡಿದರು. ಬೇರೆ ತಂಡವಾಗಿದ್ದರೆ ಗಂಟೆಗೆ ನಿಲ್ಲುತ್ತಿತ್ತು, ಆದರೆ ನಮ್ಮ ಹಾಡಿಗೆ ಗಂಟೆಯ ಕಟ್ಟಿಲ್ಲ ಎಂದು ಅವರಿಗೇನು ಗೊತ್ತು. ಅವರು ವೇದಿಕೆಯ ಅಂಚಿಗೆ ಬಂದು ನಾಗಕ್ಕನಿಗೆ, ವೀರರು ಅಂತ ಹೇಳಿ ಇಳಿಯಮ್ಮ ಎಂದರು. ನಾಗಕ್ಕ ಮೈಕಿನ ಮುಂದೆಯೇ ಉತ್ತರ ಕೊಟ್ಟಳು.

"ಸುಳ್ಳು ಹೇಳಿ ನಾ ಮುಗ್ಸೂದಿಲ್ಲ. ಖರೇ ಹೇಳೂಕೆ ನೀವು ಬಿಡೂದಿಲ್ಲ. ಕೇಳ್ತಾ ಇರ್ಲಿ ಮಕ್ಕಳು."

ಮೈಕ್ ಬಂದ್ ಮಾಡಿಸಿದರು. ಗದ್ದೆಯ ಈ ತುದಿಯಿಂದ ಆ ತುದಿಗೆ ಹಾಡಿ ಬೆಳೆದ ಗಂಟಲುಗಳಿಗೆ ಮೈಕ್ ಎಂತಕ್ಕೆ? ಧ್ವನಿ ಇನ್ನೂ ಏರಿತು. ಅಂದಾನಪ್ಪನವರು ನನ್ನ ಕಡೆ ಬಂದು, ಕೈ ಎತ್ತಿ ನಿಲ್ಲಿಸಿ, ಇಲ್ಲದಿದ್ದರೆ ನಾಳೆಯೇ ನಿಮ್ಮ ಹೆಡ್ ಮಾಸ್ತರಿಗೆ ಬರೆಯುತ್ತೇನೆ ಎಂದರು. ಮಕ್ಕಳ ಕಣ್ಣು ನನ್ನ ಕೈ ಮೇಲಿತ್ತು. ಎತ್ತಿದರೆ ನಿಲ್ಲುತ್ತಿದ್ದರು, ಪಾಪ, ಅಷ್ಟು ಹೇಳಿದ ಮಾತು ಕೇಳುವ ಮಕ್ಕಳು. ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. ಬರೆದುಕೊಳ್ಳಲಿ ಎನಿಸಿತು. ಹೋಗಿ ಕಾವ್ಯಶ್ರೀಯ ಪಕ್ಕ ನಿಂತು ನಾನೂ ಕೇಳಿದೆ, ಗದ್ದೇಲಿ ನಿಂತವರ್ಯಾರೇ?

ಕೆಳಗೆ ಎರಡನೆಯ ಸಾಲಿನಲ್ಲಿ ಯಲ್ಲಾಪುರದ ಕಿರವತ್ತಿ ಕಡೆಯ ತಂಡ ತನ್ನ ಸರದಿಗೆ ಕಾಯುತ್ತಿತ್ತು. ಗದ್ದೆ ಕೆಲಸದ ಅವರ ಹೆಂಗಸರು ಎದ್ದು ನಿಂತು ಸೊಲ್ಲು ಹಿಡಿದರು, ಸೊಲ್ಲು ಬಿಡಬಾರದು ಎಂದು ಯಾರೂ ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ. ಅವರ ಹಿಂದೆ ಇಡೀ ಸಭೆ. ಮುಖ್ಯ ಅತಿಥಿಗಳು ಗಡಿಯಾರ ನೋಡಿದರು, ಪಕ್ಕದವರ ಕಿವಿಯಲ್ಲಿ ಏನೋ ಕೇಳಿದರು. ಹತ್ತು ನಿಮಿಷ ದಾಟಿತು. ಇನ್ನೂ ನಾಲ್ಕು ತಂಡ ಬಾಕಿ ಇತ್ತು. ಅಂದಾನಪ್ಪನವರ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಕೊನೆಗೆ ಅವರು ನಿರೂಪಕಿಯ ಕೈಯಿಂದ ಮೈಕ್ ಕಸಿದುಕೊಂಡು, ರಸ್ತೆಯ ಧ್ವನಿವರ್ಧಕದಲ್ಲೆಲ್ಲ ಮೊಳಗುವ ಹಾಗೆ ಕೂಗಿದರು.

"ಯವ್ವಾ, ಯಾರ್ ನಿಂತಿದ್ರು, ಹೇಳಿ ಮುಗಸವಾ!"

ಸಭೆಗೆ ಸಭೆಯೇ ತಣ್ಣಗಾಯಿತು. ಮಕ್ಕಳು ಮಾತ್ರ ಒಂದು ಸಲ, ಮೆಲ್ಲಗೆ, ಸೊಲ್ಲು ತಿರುಗಿಸಿದರು. ನಾಗಕ್ಕ ಅಂದಾನಪ್ಪನವರ ಕೈಯ ಮೈಕಿನ ಹತ್ತಿರ ನಡೆದು ಬಂದಳು, ಸೆರಗು ಸರಿಮಾಡಿಕೊಂಡಳು, ಎತ್ತಿದಳು.

ಸುಬ್ಬಿ ನಿಂತಾಳೇ, ಕೂಲಿ ಸುಬ್ಬಿ ನಿಂತಾಳೇ,
ಹೊತ್ತು ಮುಳುಗೋ ತನಕಾ.

ಐನೂರು ಜನ ಅದನ್ನು ತಿರುಗಿ ಹೇಳಿದರು. ನಾನು ಅತ್ತೆ, ನಾಚಿಕೆ ಬಿಟ್ಟು ಅತ್ತೆ. ನಾಗಕ್ಕ ಅಳಲಿಲ್ಲ, ಉಳಿದ ಎರಡು ಸೊಲ್ಲು ಹಾಡಿ, ಹಾಡು ಮುಗಿಸಿ, ನೀರು ಕೇಳಿದಳು.

ನಮ್ಮ ತಂಡವನ್ನು ಸ್ಪರ್ಧೆಯಿಂದ ತೆಗೆದುಹಾಕಿದರು. ಮೂರನೆಯ ದಿನ ಸಮಿತಿಯ ಕಾಗದ ಶಾಲೆಗೆ ಬಂತು. ಒಪ್ಪಿಗೆ ಪಡೆದ ಪ್ರತಿಯಲ್ಲಿ ಇಲ್ಲದ ಹೆಸರು ವೇದಿಕೆಯ ಮೇಲೆ ಬಂದ ತಪ್ಪಿಗೆ ಯಾರು ಹೊಣೆ, ಬರವಣಿಗೆಯಲ್ಲಿ ತಿಳಿಸಿ ಎಂದಿತ್ತು. ಹೆಡ್ ಮಾಸ್ತರು ನನ್ನನ್ನು ಕರೆದು, ಓದು ಬಾರದ ಅಡುಗೆಯವಳು ಬಾಯಿ ತಪ್ಪಿ ಹಾಡಿದಳು ಎಂದು ಬರೆದುಬಿಡು, ನಿನಗೂ ಒಳ್ಳೆಯದು, ನನಗೂ ಒಳ್ಳೆಯದು ಎಂದರು. ಮುಂದಿನ ಜೂನ್ ನೆನಪಿರಲಿ ಎಂದೂ ಸೇರಿಸಿದರು.

ನಾನು ಅವರ ಮೇಜಿನ ಮೇಲೆಯೇ ಬರೆದೆ. ತಪ್ಪು ಆದದ್ದು ನಿಜ. ಅದು ವೇದಿಕೆಯ ಮೇಲೆ ಆದದ್ದಲ್ಲ, ಜುಲೈ ಇಪ್ಪತ್ತಾರರಂದು ನಿಮ್ಮ ಕಚೇರಿಯಲ್ಲಿ, ಕೆಂಪು ಪೆನ್ನಿನಿಂದ ಆದದ್ದು. ಮಾಡಿದವಳು ನಾನು. ಹೊಡೆದು ಹಾಕಿದ ಹೆಸರು ಸುಬ್ಬಿ. ಆ ಹೆಸರು ಮರಳಿ ಸೇರಿಸಿ ತಿದ್ದಿದ ಪ್ರತಿ ಇದರ ಜೊತೆಗಿದೆ. ಕೆಳಗೆ ನನ್ನ ಹೆಸರು ಬರೆದು ಸಹಿ ಹಾಕಿದೆ.

ಕಾಗದ ಹಿಡಿದು ಹೊರಗೆ ಬಂದರೆ ನಾಗಕ್ಕ ಕಲ್ಲು ತಿಕ್ಕುತ್ತಿದ್ದಳು, ನಾಳೆ ಆಗಸ್ಟ್ ಹದಿನೈದು. ಬರೆದದ್ದನ್ನು ಓದಿ ಹೇಳಿದೆ. ಅವಳು ನಾರನ್ನು ಬಕೆಟ್ಟಿಗೆ ಹಾಕಿ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಹೆಸರಿದ್ದ ಸಾಲು ಇನ್ನೊಂದ್ಸಲ ಓದಿ ಅಕ್ಕೋರೆ."

ಗಟ್ಟಿಯಾಗಿ ಓದಿದೆ. ಜಗಲಿಯಲ್ಲಿ ಊಟಕ್ಕೆ ಕೂತಿದ್ದ ಮಕ್ಕಳು ಅಲ್ಲಿಂದಲೇ ಸೊಲ್ಲು ಹಿಡಿದರು, ಸುಬ್ಬಿ ನಿಂತಾಳೇ, ಕೂಲಿ ಸುಬ್ಬಿ ನಿಂತಾಳೇ. ಹೆಡ್ ಮಾಸ್ತರು ಕಿಟಕಿಗೆ ಬಂದು, ನಿಲ್ಲಿಸು ಎಂದು ನನಗೆ ಕೈಸನ್ನೆ ಮಾಡಿದರು. ನಾನು ನಾಗಕ್ಕನ ಕಡೆ ನೋಡಿದೆ. ಅವಳು ಕಲ್ಲಿನ ಆ ಖಾಲಿ ಜಾಗಕ್ಕೆ ಇನ್ನೊಂದು ಚೊಂಬು ನೀರು ಹಾಕಿ ತಿಕ್ಕತೊಡಗಿದಳು. ಮುಂದಿನ ಸೊಲ್ಲು ಎತ್ತಲಿಲ್ಲ, ಮಕ್ಕಳು ಹಿಂದಿನದನ್ನು ಬಿಡಲಿಲ್ಲ.