ಎಣ್ಣೆ ಹಚ್ಚಿಸಿದ್ದು ಯಾರು

ಕನಕಪುರದ ಆಸ್ಪತ್ರೆ ವಾರ್ಡಿಗೆ ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ಚರ್ಚಿನ ಫಾದರ್ ಬಂದ್ರು. ಕೈಯಲ್ಲಿ ಆ ಸಣ್ಣ ಬೆಳ್ಳಿ ಡಬ್ಬಿ ಇತ್ತು. ಅದ್ನ ನೋಡ್ತಿದ್ದಂಗೇ ನಾನು ಮಂಚದ ಕಂಬಿ ಹಿಡ್ಕೊಂಡೆ.

ಆ ಡಬ್ಬೀಲಿರೋದು ಫಾದರ್ ಪ್ರಾರ್ಥನೆ ಮಾಡಿ ರೋಗಿಗಳ ಹಣೆಗೂ ಕೈಗೂ ಹಚ್ಚೋ ಎಣ್ಣೆ. ದೊಡ್ಡಆಲಹಳ್ಳಿ ಪಕ್ಕದ ನಮ್ಮೂರಲ್ಲಿ ಅದು ಯಾರ ಮನೆ ಬಾಗಿಲು ದಾಟಿದ್ರೂ ಅಕ್ಕಪಕ್ಕದೋರು ಟಿವಿ ಆರಿಸ್ಬುಡ್ತಾರೆ. ನಮ್ಮತ್ತೆಗೆ ಬೆಳಿಗ್ಗೆ ಹಚ್ಚಿದ್ರು, ಸಂಜೆಗೆ ಹೋದ್ರು. ಮಾವನಿಗೆ ಅಷ್ಟು ಹೊತ್ತೂ ಹಿಡೀನಿಲ್ಲ.

ನಮ್ಮ ಯಜಮಾನ ಇನ್ನಾಸಪ್ಪನಿಗೆ ಆಗ್ಬೇಕಿದ್ದುದು ಪಿತ್ತಕೋಶದ ಆಪರೇಷನ್ನು, ಹನ್ನೆರಡು ಗಂಟೆಗೆ. ಕಲ್ಲು ಸೇರಿ ಕೀವಾಗೈತೆ, ತೆಗೆದ್ರೆ ಸರಿಹೋಯ್ತದೆ ಅಂತ ಡಾಕ್ಟ್ರು ನಂಗೆ ಹೇಳಿದ್ರು. ಹಂಗಾದ್ರೆ ಡಬ್ಬಿ ಯಾಕೆ ಬಂತು? ನಂಗೊಂದು ಹೇಳಿ ಮಿಕ್ಕೋರಿಗೆ ಇನ್ನೊಂದು ಹೇಳವ್ರೆ ಅಂದ್ಕೊಂಡೆ. ಮಗಳು ಸಿರಿ ಕಣ್ಣು ಬೇರೆ ಕೆಂಪಗಿತ್ತು.

ಬಾಯ್ಬುಟ್ಟು ಕೇಳ್ಬೋದಿತ್ತು. ಪಂಚಾಯ್ತಿ ಮೆಂಬರನ್ನೇ ಬೀದೀಲಿ ನಿಲ್ಸಿ ಬಯ್ಯೋಳು ನಾನು, ಅವತ್ತು ನಾಲಿಗೆ ಏಳ್ನಿಲ್ಲ. ಹೌದು ಅಂದ್ಬುಟ್ರೆ ಏನು ಮಾಡದು ಅನ್ನೋ ಹೆದರಿಕೆ.

ಫಾದರ್ ಎಣ್ಣೆ ಹಚ್ಚಿ, ಧೈರ್ಯವಾಗಿರಿ ಅಂತ ಹೇಳಿ ಹೋದ್ರು. ಇನ್ನಾಸಪ್ಪ ನನ್ನ ಕಡೆ ತಿರುಗ್ದ. ಆಮೇಲೆ ಮೆಲ್ಲಗೆ ಅಂದ, "ಒದ್ದೆ ಕೈಲಿ ಮೋಟಾರ್ ಸ್ಟಾರ್ಟರ್ ಮುಟ್ಬೇಡ ಕಣಮ್ಮಿ. ಕೆಂದಹಸ ಮಾರ್ಬೇಡ, ಅದು ನೀನು ಕರೆದ್ರೇ ಹಾಲು ಬುಡೋದು."

ಹೋಗೋರು ಆಡೋ ಮಾತು ಅದು. ಇವನಿಗೂ ಗೊತ್ತೈತೆ, ನಂಗೊಬ್ಳಿಗೇ ಗೊತ್ತಿಲ್ಲ.

ಅಷ್ಟರಲ್ಲಿ ನರ್ಸು ಭಾನುಪ್ರಿಯ ಒಪ್ಪಿಗೆ ಕಾಗದ ತಂದ್ಲು. ಇನ್ನಾಸಪ್ಪ ಪೆನ್ನು ತಳ್ಳಿದ.

"ಬ್ಯಾಡ ತಾಯಿ. ಕುಯ್ದೇನು ಮಾಡ್ತೀರಿ? ಮನೇಗೆ ಕಳ್ಸಿ, ನನ್ನ ಹಾಸಿಗೇಲೇ ಹೋಯ್ತೀನಿ."

ಅವಳು ನನ್ನ ಕಡೆ ತಿರುಗಿದ್ಲು. "ನೀವಾದ್ರೂ ಹೇಳಿ ಆಂಟಿ. ಇವತ್ತು ಮಾಡ್ಲಿಲ್ಲ ಅಂದ್ರೆ ಒಳಗೇ ಒಡೆದೋಗುತ್ತೆ, ಆಮೇಲೆ ಉಳಿಸೋಕಾಗಲ್ಲ."

ಹೆಂಗಿದ್ರೂ ಹೋಗೋನು, ಮನೇಲೇ ಹೋಗ್ಲಿ ಅನ್ನೋಕೆ ಬಾಯಿ ತೆರೆದಿದ್ದೆ. ದೇವ್ರಾಣೆ, ತೆರೆದಿದ್ದೆ. ಆದ್ರೆ ನರ್ಸು ಉಳಿಸೋ ಮಾತಾಡ್ತಾವ್ಳೆ, ಇವನು ಸಾಯೋ ಮಾತಾಡ್ತಾವ್ನೆ. ನಂಗೆ ಸಿಟ್ಟು ನೆತ್ತಿಗೇರ್ತು, ಇವನನ್ನೇ ಕೇಳ್ದೆ.

"ಫಾದರ್‌ನ ಯಾವಾಗ ಕರ್ಸ್ದೆ ನೀನು? ನಂಗೊಂದ್ಮಾತು ಹೇಳ್ಬಾರ್ದಾ?"

"ನಾನೆಲ್ಲಿ ಕರ್ಸ್ದೆ? ನಾನು ಉಳಿಯಾಕಿಲ್ಲ ಅಂತ ಡಾಕ್ಟ್ರು ನಿಂಗೆ ಹೇಳವ್ರೆ, ಅದಕ್ಕೇ ನೀನು ಕರ್ಸಿದೀಯ ಅಂದ್ಕೊಂಡೆ."

ಇಬ್ರೂ ಸಿರಿ ಮುಖ ನೋಡಿದ್ವು.

"ನಾನೇ ಫೋನ್ ಮಾಡಿದ್ದು," ಅಂದ್ಲು. "ಈ ಎಣ್ಣೆ ಸಾಯೋರಿಗಷ್ಟೇ ಅಲ್ಲ, ಆಪರೇಷನ್ನಿಗೆ ಹೋಗೋರ ಬಲಕ್ಕೂ ಹಚ್ಚಿಸ್ಕೋಬೇಕು ಅಂತ ಹೋದ ಭಾನುವಾರ ಚರ್ಚಲ್ಲಿ ಫಾದರ್ ಪ್ರಸಂಗದಲ್ಲಿ ಹೇಳಿದ್ರಲ್ಲಮ್ಮ. ನೀನು ಪಕ್ಕದಲ್ಲೇ ಕೂತಿದ್ದೆ. ನಿಂಗೆ ಗೊತ್ತೈತೆ ಅಂದ್ಕೊಂಡೆ."

ಕೂತಿದ್ದೆ, ನಿಜ. ಕೆಂದಹಸಕ್ಕೆ ಹುಲ್ಲು ಹಾಕಿದ್ನೋ ಇಲ್ವೋ ಅಂತ ಯೋಚಿಸ್ತಾ ಕೂತಿದ್ದೆ.

"ನಿನ್ನ ಕಣ್ಯಾಕೆ ಕೆಂಪಗೈತೆ?"

"ರಾತ್ರಿಯೆಲ್ಲ ಈ ಕುರ್ಚೀಲಿ ಕೂತಿದ್ನಲ್ಲಮ್ಮ."

ಆದ್ರೂ ಇನ್ನಾಸಪ್ಪ ಪೆನ್ನು ಹಿಡೀನಿಲ್ಲ. ನಾನು ಅವನ ಕೈ ಹಿಡ್ಕೊಂಡೆ, ಎಣ್ಣೆ ಇನ್ನೂ ಜಿಡ್ಡಾಗಿತ್ತು. "ನೀನು ಬೇಕು ಕಣಯ್ಯ ನಂಗೆ," ಅಂದೆ. "ಮೂವತ್ತು ವರ್ಷದಲ್ಲಿ ಒಂದಿನಾನೂ ಹೇಳ್ನಿಲ್ಲ. ನಿಂಗೆ ಗೊತ್ತೈತೆ ಅಂತ ಸುಮ್ನಿದ್ದೆ."

ಅವನು ನನ್ನ ಮುಖಾನೇ ನೋಡ್ದ. "ನಂಗೆ ಗೊತ್ತಿರ್ನಿಲ್ಲ," ಅಂದ. ಆಮೇಲೆ ಸೈನ್ ಹಾಕ್ದ.

ಹನ್ನೆರಡಕ್ಕೆ ಒಳಗೆ ಕರ್ಕೊಂಡೋದ್ರು. ಬಾಗಿಲು ಮುಚ್ಚಿತು. ನಾನು ಜಪಸರ ತಗೊಂಡು ಪರಲೋಕ ಮಂತ್ರ ಶುರು ಮಾಡಿದೆ. 'ನಿಮ್ಮ ಚಿತ್ತ' ನೆರವೇರಲಿ ಅನ್ನೋ ತಾವ ನಿಲ್ಲಿಸ್ಬುಟ್ಟೆ. ದೇವ್ರ ಚಿತ್ತ ಏನೈತೋ ಯಾರು ಕಂಡವ್ರೆ? ನನ್ನ ಮನಸ್ಸಲ್ಲಿರೋದು ಅವ್ನಿಗೆ ಗೊತ್ತಿರ್ತದೆ ಅಂದ್ಕೊಂಡು, ಹುಟ್ಟಿದಾಗಿಂದ ಕಲಿತ ಮಂತ್ರಾನೇ ಒಪ್ಪಿಸ್ಕೊಂಡು ಬಂದಿದ್ದೆ, ನನ್ನದು ಅಂತ ಒಂದು ಮಾತೂ ಆಡಿರ್ನಿಲ್ಲ.

ಜಪಸರ ಮಡಿಲಲ್ಲಿಟ್ಟೆ. "ಯೇಸಪ್ಪ, ನಂಗೆ ಭಯ ಆಗ್ತೈತೆ," ಅಂದೆ, ಪಕ್ಕದೋರಿಗೆಲ್ಲ ಕೇಳೋ ಹಂಗೆ. "ಅವನ್ನ ನಂಗೆ ವಾಪಸ್ ಕೊಡು."

ಬಾಗಿಲು ಇನ್ನೂ ಮುಚ್ಚೇ ಇತ್ತು. ಇನ್ನೊಂದು ಸಲ ಕೇಳಿದೆ.