ಯಾವ ವಿಳಾಸಕ್ಕೆ ಬಂತು?

ಫೋನಿನಲ್ಲಿ ಪತ್ರ ಓದುತ್ತಿದ್ದ ಪುಟ್ಟಿಯ ಮುಖ ಬಿಳಿಚಿಕೊಂಡಿತು. ನಾನು ಫೋನು ಕಿತ್ತುಕೊಂಡು ನೋಡಿದೆ. ಬರೆದವನು ಅವಳ ಗಂಡ.

'ಕಿಟಕಿಗೆ ಹಸಿರು ಪರದೆ ಹಾಕಿದ್ದೀಯಂತೆ. ಕೆಲಸವೂ ಚೆನ್ನಾಗಿದೆಯಂತೆ. ಒಂದು ಸಲ ಬಂದು ನೋಡುತ್ತೇನೆ.'

ಅಬ್ಬಾ, ಏನು ನಯ! ನನ್ನ ತಂಗಿಯ ಮಣಿಕಟ್ಟು ಮುರಿದವನು ಇದೇ ಪುಣ್ಯಾತ್ಮ. ಅವನಿಂದ ತಪ್ಪಿಸಿಕೊಂಡು ಅವಳು ಈ ಮಹಡಿಯ ಕೋಣೆ ಸೇರಿದ್ದಳು. ನಾನೂ ಅಮ್ಮನೂ ನಮ್ಮ ಮನೆಯಿಂದ ಅವಳನ್ನು ನೋಡಿಹೋಗಲು ಎರಡನೇ ಸಲ ಬಂದಿದ್ದೆವು.

"ಆ ದರಿದ್ರ ಲಿಸ್ಟಿಂದಾನೇ ನಿನ್ನ ವಿಳಾಸ ಸಿಕ್ಕಿರತ್ತೆ!" ಎಂದು ಕೂಗಿದೆ.

ಪುಟ್ಟಿ ಹೊಲಿಗೆ ಯಂತ್ರ ರಿಪೇರಿ ಮಾಡುವವಳು. ಆ ಕಸುಬಿನವರು ಒಬ್ಬರನ್ನೊಬ್ಬರು ಇಮೇಲಿನಲ್ಲಿ ಕೇಳಿ ತಿಳಿಯುವ ಮೇಲಿಂಗ್ ಲಿಸ್ಟ್ ಒಂದಿದೆ. ಅಲ್ಲಿ ಕೇಳಿದ ಪ್ರಶ್ನೆಯನ್ನೂ ಕೇಳಿದವರ ಇಮೇಲ್ ವಿಳಾಸವನ್ನೂ ಯಾರು ಬೇಕಾದರೂ ನೋಡಬಹುದು. ಹಿಂದೊಮ್ಮೆ ಯಾವುದೋ ಬಾಬಿನ್ ಬಗ್ಗೆ ಕೇಳಿದ್ದಕ್ಕೆ ಲಾಟರಿ ಗೆದ್ದಿದ್ದೀರಿ, ಬೊಜ್ಜು ಕರಗಿಸಿ ಎಂಬ ಸ್ಪ್ಯಾಮ್ ರಾಶಿ ರಾಶಿ ಬಂತು. ಬರಲಿ, ಅಳಿಸಬಹುದು. ಆದರೆ ಅವಳು ಲಿಸ್ಟಿಗೆ ಬರೆದ ಪತ್ರದ ಕೆಳಗಿದ್ದ ಅಂಗಡಿಯ ಹೆಸರು ಹಿಡಿದು ಗಂಡನೇ ಬಂದುಬಿಟ್ಟ. ಪುಟ್ಟಿ ಊರನ್ನೇ ಬಿಡಬೇಕಾಯಿತು.

ಆಮೇಲೆ ಅವಳು ಒಬ್ಬೊಬ್ಬರಿಗೂ ಬೇರೆ ಬೇರೆ ಇಮೇಲ್ ವಿಳಾಸ ಮಾಡಿದಳು. ಲಿಸ್ಟಿಗೊಂದು, ಹೊಸ ಅಂಗಡಿಗೊಂದು, ನನಗೊಂದು, ಅಮ್ಮನಿಗೊಂದು. ಬರೆದದ್ದೆಲ್ಲ ಅವಳ ಒಂದೇ ಪೆಟ್ಟಿಗೆಗೆ ಬಂದು ಬೀಳುತ್ತದೆ. ಯಾವುದು ಸೋರಿತೋ ಅದನ್ನು ಮುಚ್ಚಿದರಾಯಿತು. "ಒಬ್ಬಳಿಗೆ ಎಷ್ಟು ವಿಳಾಸಾನೇ! ಕಳ್ಳರಿಗೂ ಇಷ್ಟಿರಲ್ಲ" ಎಂದು ನಾನು ರೇಗಿಸಿದ್ದೆ.

"ಆ ಲಿಸ್ಟ್ ನಡೆಸೋನಿಗೆ ಈಗಲೇ ಬರೀತೀನಿ. ಅವನ ಗ್ರಹಚಾರ ಬಿಡಿಸ್ತೀನಿ."

"ತಾಳಕ್ಕ" ಎಂದಳು ಪುಟ್ಟಿ. "'ಹಾಕಿದ್ದೀಯಂತೆ' ಅಂತ ಬರೆದಿದ್ದಾನೆ. ಅಂದ್ರೆ ಅವನು ನೋಡಿಲ್ಲ, ಯಾರೋ ಹೇಳಿದ್ದಾರೆ. ಲಿಸ್ಟಲ್ಲಿ ಪರದೆ ವಿಷಯ ನಾನ್ಯಾಕೆ ಬರೀಲಿ?"

ಪತ್ರ ಯಾವ ವಿಳಾಸಕ್ಕೆ ಬಂದಿದೆಯೆಂದು ಮೇಲೆ ಸರಿಸಿ ನೋಡಿದಳು. ನೋಡುತ್ತಲೇ ಇದ್ದಳು. ಫೋನನ್ನು ನನ್ನ ಕಡೆ ತಿರುಗಿಸಿದಳು.

ಅದು ಅಮ್ಮನಿಗೆ ಮಾತ್ರ ಕೊಟ್ಟ ವಿಳಾಸ.

ಅಮ್ಮ ಮಂಚದ ಮೇಲೆ ಕೂತು ಒಣಗಿದ ಬಟ್ಟೆ ಮಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ನಮ್ಮನೆ ಬಾಗಿಲಲ್ಲಿ ನಿಂತು ಮಗು ಥರ ಅತ್ತ ಕಣೇ" ಎಂದಳು. "ಗಂಡ ಹೆಂಡ್ತಿ ಒಂದು ಮಾತಾಡ್ಕೊಂಡ್ರೆ ಸರಿಹೋಗತ್ತೇನೋ ಅಂತ ಕೊಟ್ಟೆ."

"ಪರದೆ ವಿಷಯ?" ಎಂದಳು ಪುಟ್ಟಿ.

"ಹೇಗಿದ್ದಾಳೆ ಅಂತ ಕೇಳ್ದ. ಚೆನ್ನಾಗಿದ್ದಾಳೆ ಅಂದೆ. ಅದರಲ್ಲೇನು ತಪ್ಪು?"

"ಬೀದಿ ಹೇಳಿದ್ಯಾ, ಅಮ್ಮ?"

ಅಮ್ಮ ಮಡಿಸಿದ್ದ ದಿಂಬಿನ ಚೀಲವನ್ನೇ ಬಿಡಿಸಿ ಮತ್ತೆ ಮಡಿಸಿದಳು.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು! ನನಗೆ ಮೈಯೆಲ್ಲ ಉರಿದುಹೋಯಿತು. ಹೆತ್ತವಳೆಂಬುದನ್ನೂ ಮರೆತು ಬಾಯಿಗೆ ಬಂದದ್ದೆಲ್ಲ ಅಂದೆ. ಪುಟ್ಟಿ ಅಮ್ಮನ ವಿಳಾಸ ಮುಚ್ಚಿದಳು, ಬೀರುವಿನ ಮೇಲಿಂದ ಚೀಲ ಇಳಿಸಿದಳು, ಬಟ್ಟೆಯನ್ನೂ ಸ್ಕ್ರೂಡ್ರೈವರುಗಳನ್ನೂ ಒಟ್ಟಿಗೇ ತುರುಕಿದಳು. ನಾನು ಕಿಟಕಿಯಲ್ಲಿ ಕಾವಲು ನಿಂತೆ. ಕೆಳಗೆ ಬೀದಿಯಲ್ಲಿ ಹೋಗುವ ಪ್ರತಿಯೊಬ್ಬ ಗಂಡಸೂ ಅವನೇ ಅನ್ನಿಸುತ್ತಿತ್ತು.

"ಎಲ್ಲಿಗೆ ಹೋಗ್ತೀಯ ಅಂತ ನನಗಾದ್ರೂ ಹೇಳೇ" ಎಂದಳು ಅಮ್ಮ.

"ನಿನಗೇ ಹೇಳಬಾರದು, ಅಮ್ಮ."

ನಾನು ಪುಟ್ಟಿಯ ಹಿಂದೆಯೇ ದಡದಡ ಮೆಟ್ಟಿಲಿಳಿದೆ. "ಒಳ್ಳೇದಾಯ್ತು, ಹಾಗೇ ಆಗಬೇಕು ಅವಳಿಗೆ. ನನಗಂತೂ ಬರೀತೀಯಲ್ಲ?"

ಅವಳು ಚೀಲ ಕೆಳಗಿಟ್ಟು ನನ್ನನ್ನು ಗಟ್ಟಿಯಾಗಿ ತಬ್ಬಿಕೊಂಡಳು.

"ಅಕ್ಕ, ನೀನೂ ಅಮ್ಮನೂ ಒಂದೇ ಮನೇಲಿರೋರು."

ಹಾಗೆಂದವಳು ಫೋನು ತೆಗೆದು, ನನ್ನ ಕಣ್ಣೆದುರಿಗೇ ನನ್ನ ವಿಳಾಸವನ್ನೂ ಮುಚ್ಚಿದಳು.